ಐರ್ಲೆಂಡಿನ ಕೌಂಟಿ ಕೌನ್ಸಿಲ್ ಫಲಿತಾಂಶವನ್ನು ಓದುವುದು ಹೇಗೆ?

ಪ್ರಶ್ನೆ (ಲೆಟರ್‌ಕೆನ್ನಿಯಿಂದ):

ನಮಸ್ಕಾರ ಸರ್. ನಾನು ಉಡುಪಿ ಕಡೆಯವಳು, ಡೊನೆಗಾಲ್ ಕೌಂಟಿಯ ಲೆಟರ್‌ಕೆನ್ನಿಯಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. 2024ರ ಜೂನ್ 7ರಂದು ನಡೆದ ಸ್ಥಳೀಯ ಚುನಾವಣೆಯಲ್ಲಿ ಮೊದಲ ಬಾರಿಗೆ ಇಲ್ಲಿ ಮತ ಹಾಕಿದೆ. ನನ್ನ ಬಳಿ ಇರುವುದು ಭಾರತದ ಪಾಸ್‌ಪೋರ್ಟ್. ಆದರೂ ಮತಪತ್ರ ಕೊಟ್ಟರು. ಇಷ್ಟವಾದ ಒಬ್ಬರ ಮುಂದೆ 1 ಎಂದು ಬರೆದು ಪೆಟ್ಟಿಗೆಗೆ ಹಾಕಿ ಬಂದೆ. ಆಮೇಲೆ ಫಲಿತಾಂಶದ ಪಟ್ಟಿ ನೋಡಿದರೆ ತಲೆಬುಡ ತಿಳಿಯಲಿಲ್ಲ. ಒಬ್ಬೊಬ್ಬರ ಹೆಸರಿನ ಮುಂದೆ ಹತ್ತಾರು ಕಾಲಂಗಳಿವೆ, ಸುತ್ತಿನಿಂದ ಸುತ್ತಿಗೆ ಮತಗಳು ಏರುತ್ತವೆ, ಮೊದಲ ಸುತ್ತಿನಲ್ಲಿ ಮುಂದಿದ್ದವರು ಕೆಲವು ಕಡೆ ಸೋತಿದ್ದಾರೆ, ಹಿಂದಿದ್ದವರು ಗೆದ್ದಿದ್ದಾರೆ. ಒಂದೇ 1 ಬರೆದದ್ದು ತಪ್ಪಾಯಿತೇ? ನನ್ನ ಮತ ನಿಜವಾಗಿ ಲೆಕ್ಕಕ್ಕೆ ಬಂತೇ?

ಉತ್ತರ:

ನಿಮ್ಮ ಮತ ಲೆಕ್ಕಕ್ಕೆ ಬಂದಿದೆ, ಅನುಮಾನ ಬೇಡ. ನಾನು ಸಾರ್ವಜನಿಕ ಆಡಳಿತ ಕಲಿಸುವವನು. ಎರಡು ಸ್ಥಳೀಯ ಚುನಾವಣೆಗಳಲ್ಲಿ ಬೇರೊಂದು ಕೌಂಟಿಯ ಎಣಿಕೆ ಮೇಜಿನಲ್ಲಿ ಕುಳಿತು ಮತಪತ್ರಗಳನ್ನು ಬೆರಳು ನೋಯುವಷ್ಟು ಎಣಿಸಿದ್ದೇನೆ. ಹಾಗಾಗಿ ಪುಸ್ತಕದ ಮಾತಿನ ಜೊತೆಗೆ ಮೇಜಿನ ಮಾತನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಪಾಸ್‌ಪೋರ್ಟಿನ ವಿಷಯ. ಐರ್ಲೆಂಡಿನಲ್ಲಿ ಸ್ಥಳೀಯ ಚುನಾವಣೆಗೆ ಮತ ಹಾಕಲು ಪೌರತ್ವ ಬೇಕಿಲ್ಲ. 18 ತುಂಬಿರಬೇಕು, ಆ ಊರಿನಲ್ಲಿ ವಾಸವಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಅಷ್ಟೇ. ಸಂಸತ್ತಿನ ಕೆಳಮನೆಯಾದ ಡಾಲ್‌ಗೆ ಐರಿಷ್ ಮತ್ತು ಬ್ರಿಟಿಷ್ ಪ್ರಜೆಗಳು ಮಾತ್ರ ಮತ ಹಾಕಬಹುದು. ಅಧ್ಯಕ್ಷರ ಚುನಾವಣೆ ಮತ್ತು ಜನಮತಗಣನೆಯಲ್ಲಿ ಐರಿಷ್ ಪ್ರಜೆಗಳಿಗಷ್ಟೇ ಅವಕಾಶ. ಕೌನ್ಸಿಲಿಗೆ ಮಾತ್ರ ಬಾಗಿಲು ಎಲ್ಲರಿಗೂ ತೆರೆದಿದೆ, ಸ್ಪರ್ಧಿಸುವುದಕ್ಕೂ ಸಹ. ಕೇರಳ ಮೂಲದ ಬೇಬಿ ಪೆರೆಪ್ಪಾಡನ್ 2024ರ ಜೂನ್‌ನಲ್ಲಿ ದಕ್ಷಿಣ ಡಬ್ಲಿನ್ ಕೌಂಟಿಯ ಮೇಯರ್ ಆದದ್ದನ್ನು ನೀವು ಕೇಳಿರಬಹುದು.

ಇನ್ನು ಆ ಕಾಲಂಗಳ ವಿಷಯ. ನಮ್ಮ ಕಡೆಯ ಶಿಕ್ಷಕರಿಗೂ ಪದವೀಧರರಿಗೂ ಇದು ಪೂರ್ತಿ ಹೊಸದಲ್ಲ. ಇಲ್ಲಿಯ ಮತದಾನಕ್ಕೆ ನಾಲ್ಕೇ ದಿನ ಮೊದಲು, ಜೂನ್ 3ರಂದು, ವಿಧಾನ ಪರಿಷತ್ತಿನ ನೈರುತ್ಯ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳಲ್ಲಿ ನಿಮ್ಮ ಉಡುಪಿಯ ಮತದಾರರೂ ಹೀಗೆಯೇ 1, 2, 3 ಎಂದು ಪ್ರಾಶಸ್ತ್ಯದ ಮತ ಬರೆದಿದ್ದರು. ವ್ಯತ್ಯಾಸವೇನೆಂದರೆ, ಅಲ್ಲಿ ಒಂದು ಕ್ಷೇತ್ರಕ್ಕೆ ಒಂದೇ ಸ್ಥಾನ. ಇಲ್ಲಿ ಒಂದೇ ಕ್ಷೇತ್ರಕ್ಕೆ ಹಲವು ಸ್ಥಾನ. ಡೊನೆಗಾಲ್ ಕೌಂಟಿ ಕೌನ್ಸಿಲಿನ 37 ಸ್ಥಾನಗಳು ಏಳು ಕ್ಷೇತ್ರಗಳಲ್ಲಿ ಹಂಚಿಹೋಗಿವೆ: ಲೆಟರ್‌ಕೆನ್ನಿಗೆ 7, ಗುಡ್ಡಗಾಡಿನ ಮಿಲ್ಫರ್ಡ್‌ಗೆ 3, ಮಿಕ್ಕವು ನಡುವೆ.

ಗೆಲ್ಲಲು ಬೇಕಾದ ಸಂಖ್ಯೆಗೆ ಕೋಟಾ ಎನ್ನುತ್ತಾರೆ. ಸಿಂಧುವಾದ ಮತಗಳನ್ನು ಸ್ಥಾನಗಳಿಗಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ, ಭಿನ್ನರಾಶಿ ಬಿಟ್ಟು, ಬಂದದ್ದಕ್ಕೆ ಒಂದು ಕೂಡಿಸಿದರೆ ಕೋಟಾ ಸಿಗುತ್ತದೆ. ಏಳು ಸ್ಥಾನಗಳ ಒಂದು ಕ್ಷೇತ್ರವನ್ನು ಊಹಿಸಿಕೊಳ್ಳಿ. ಅಲ್ಲಿ 12,800 ಸಿಂಧು ಮತಗಳಿದ್ದರೆ, ಎಂಟರಿಂದ ಭಾಗಿಸಿ 1,600, ಒಂದು ಕೂಡಿಸಿ 1,601. ಇಷ್ಟು ಮತಗಳನ್ನು ಏಳು ಜನರಿಗಿಂತ ಹೆಚ್ಚು ಜನ ಪಡೆಯುವುದು ಗಣಿತದಲ್ಲಿ ಸಾಧ್ಯವೇ ಇಲ್ಲ.

ಒಬ್ಬರಿಗೆ ಮೊದಲ ಸುತ್ತಿನಲ್ಲೇ 2,001 ಮತ ಬಂತೆನ್ನಿ. ಅವರು ಗೆದ್ದರು, 400 ಮತ ಹೆಚ್ಚುವರಿಯಾಗಿ ಉಳಿಯಿತು. ಆ ಮತಗಳು ಪೋಲಾಗಬಾರದೆಂಬುದೇ ಈ ಪದ್ಧತಿಯ ಜೀವಾಳ. ಆದ್ದರಿಂದ ಅವರ 2,001 ಮತಪತ್ರಗಳನ್ನೂ ಮತ್ತೆ ಬಿಡಿಸಿ, ಎರಡನೆಯ ಪ್ರಾಶಸ್ತ್ಯ ಯಾರಿಗಿದೆ ಎಂದು ನೋಡಿ ಕಟ್ಟುಗಳಾಗಿ ವಿಂಗಡಿಸುತ್ತಾರೆ. 401 ಪತ್ರಗಳಲ್ಲಿ ಎರಡನೆಯ ಹೆಸರೇ ಇಲ್ಲ. ಉಳಿದ 1,600ರಲ್ಲಿ ಒಬ್ಬರಿಗೆ 800, ಮತ್ತೊಬ್ಬರಿಗೆ 480, ಇನ್ನೊಬ್ಬರಿಗೆ 320 ಇದ್ದರೆ, ಅದೇ ಪ್ರಮಾಣದಲ್ಲಿ ಕಾಲು ಭಾಗದಂತೆ 200, 120, 80 ಮತಗಳು ಅವರಿಗೆ ಹೋಗುತ್ತವೆ. ಹೆಚ್ಚುವರಿ ಹಂಚಿ ಮುಗಿದ ಮೇಲೂ ಸ್ಥಾನಗಳು ಉಳಿದಿದ್ದರೆ, ಎಲ್ಲರಿಗಿಂತ ಕಡಿಮೆ ಮತ ಪಡೆದವರನ್ನು ಕಣದಿಂದ ತೆಗೆದು ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯದವರಿಗೆ ಕೊಡುತ್ತಾರೆ. ಹೀಗೆ ಒಂದೊಂದು ಸಲ ಹೆಚ್ಚುವರಿ ಹಂಚಿದಾಗಲೂ ಒಬ್ಬರನ್ನೋ ಕೆಲವರನ್ನೋ ಕೈಬಿಟ್ಟಾಗಲೂ ಒಂದು ಸುತ್ತು ಆಗುತ್ತದೆ, ಪಟ್ಟಿಯಲ್ಲಿ ಒಂದು ಕಾಲಂ ಬೆಳೆಯುತ್ತದೆ.

ಹಾಗಾಗಿ ಮೊದಲ ಸುತ್ತಿನ ಕಾಲಂ ಒಂದನ್ನೇ ನೋಡಿ ಯಾರು ಗೆದ್ದರು ಎಂದು ನಿರ್ಣಯಿಸುವುದು ಊಟದ ಎಲೆಯಲ್ಲಿ ಉಪ್ಪು ಬಡಿಸಿದ್ದನ್ನು ನೋಡಿ ಊಟ ಹೇಗಿತ್ತೆಂದು ಹೇಳಿದ ಹಾಗೆ. ಕಟ್ಟಾ ಬೆಂಬಲಿಗರು ಒಂದಿಷ್ಟು ಜನರಿದ್ದು, ಮಿಕ್ಕವರೆಲ್ಲ ಮುಖ ತಿರುಗಿಸುವ ಅಭ್ಯರ್ಥಿ ಐದನೆಯ ಸ್ಥಾನದಲ್ಲಿ ಶುರುಮಾಡಿ ಅಲ್ಲೇ ಜಗ್ಗದೆ ನಿಲ್ಲುತ್ತಾರೆ. ಎಲ್ಲರಿಗೂ ಎರಡನೆಯ, ಮೂರನೆಯ ಆಯ್ಕೆಯಾದವರು ಒಂಬತ್ತನೆಯ ಸ್ಥಾನದಿಂದ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಾರೆ.

ಕೊನೆಯದಾಗಿ, ನೀವು ಒಂದೇ 1 ಬರೆದದ್ದು ತಪ್ಪಲ್ಲ, ಮತ ಅಸಿಂಧುವೂ ಅಲ್ಲ. ಆದರೆ ನೀವು ಆರಿಸಿದವರು ಕಣದಿಂದ ಹೊರಬಿದ್ದಿದ್ದರೆ ನಿಮ್ಮ ಮತಪತ್ರ ವರ್ಗಾವಣೆಯಾಗದವುಗಳ ಕಟ್ಟಿಗೆ ಸೇರಿ ಅಲ್ಲಿಗೇ ನಿಂತಿರುತ್ತದೆ. ಎರಡನೆಯ ಹೆಸರು ಬರೆದರೆ ಮೊದಲನೆಯವರಿಗೆ ಪೆಟ್ಟು ಬೀಳುತ್ತದೆ ಎಂದು ನಮ್ಮವರಲ್ಲಿ ಅನೇಕರು ಅಂಜುತ್ತಾರೆ. ಅದು ಸುಳ್ಳು ಅಂಜಿಕೆ. ಮೊದಲನೆಯವರ ಹಣೆಬರಹ ತೀರ್ಮಾನವಾದ ಮೇಲಷ್ಟೇ ಎರಡನೆಯ ಅಂಕಿಯನ್ನು ನೋಡುತ್ತಾರೆ. ಮುಂದಿನ ಬಾರಿ, ನಿಮಗೆ ಸಹಿಸಲು ಸಾಧ್ಯವಿರುವ ಎಲ್ಲರಿಗೂ ಅಂಕಿ ಕೊಡಿ.

ಮರುಪ್ರಶ್ನೆ (ಅವರಿಂದಲೇ):

ತುಂಬಾ ಉಪಕಾರವಾಯಿತು ಸರ್. ಒಂದು ಸಂದೇಹ ಉಳಿಯಿತು. ಆ 800 ಪತ್ರಗಳಲ್ಲಿ 200 ಮಾತ್ರ ಹೋಗುತ್ತವೆ ಎಂದಿರಿ. ಯಾವ 200? ಆ ಪತ್ರಗಳಲ್ಲಿ ಮೂರನೆಯ ಪ್ರಾಶಸ್ತ್ಯ ಬೇರೆ ಬೇರೆ ಇರುತ್ತದಲ್ಲವೇ?

ಉತ್ತರ:

ಎಣಿಕೆ ಮೇಜಿನಲ್ಲಿ ಕುಳಿತವರನ್ನೂ ಕಾಡುವ ಪ್ರಶ್ನೆಯಿದು. ಉತ್ತರ ಕೇಳಿದರೆ ನಿಮಗೆ ನಗು ಬರಬಹುದು: ಕಟ್ಟಿನ ಮೇಲಿರುವ 200, ಅಂದರೆ ಕೊನೆಗೆ ಇಟ್ಟವು. ಎಣಿಕೆಗೆ ಮೊದಲು ಎಲ್ಲ ಪೆಟ್ಟಿಗೆಗಳ ಪತ್ರಗಳನ್ನು ಚೆನ್ನಾಗಿ ಬೆರೆಸಿರುತ್ತಾರೆ. ಆದ್ದರಿಂದ ಮೇಲಿನ 200 ಪತ್ರಗಳು ಇಡೀ ಕಟ್ಟನ್ನು ಹೆಚ್ಚುಕಡಿಮೆ ಪ್ರತಿನಿಧಿಸುತ್ತವೆ ಎಂಬ ನಂಬಿಕೆಯ ಮೇಲೆ ಲೆಕ್ಕ ನಡೆಯುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಆ ನಂಬಿಕೆ ಸರಿಯೇ. ಆದರೆ ಕೊನೆಯ ಸ್ಥಾನ ಎರಡು ಮೂರು ಮತಗಳ ಅಂತರದಲ್ಲಿ ತೂಗಾಡುವಾಗ, ಆ ಪತ್ರ ಕಟ್ಟಿನ ಮೇಲಿತ್ತೋ ಕೆಳಗಿತ್ತೋ ಎಂಬ ಅದೃಷ್ಟವೂ ತೂಕಕ್ಕೆ ಬರುತ್ತದೆ.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಇದೇ ಐರ್ಲೆಂಡಿನ ಮೇಲ್ಮನೆಯಾದ ಶಾನಡ್‌ನ ಚುನಾವಣೆಯಲ್ಲಿ, ಕೌನ್ಸಿಲರುಗಳೂ ಮತ ಹಾಕುವ ವಿಭಾಗದಲ್ಲಿ, ಒಂದೊಂದು ಮತಪತ್ರಕ್ಕೆ 1,000 ಮೌಲ್ಯ ಕೊಟ್ಟು, ಎಲ್ಲ ಪತ್ರಗಳನ್ನೂ ಭಿನ್ನ ಮೌಲ್ಯದಲ್ಲಿ ಮುಂದಕ್ಕೆ ಕಳಿಸುತ್ತಾರೆ. ನಮ್ಮ ರಾಜ್ಯಸಭಾ ಚುನಾವಣೆಯಲ್ಲಿ ಒಂದಕ್ಕಿಂತ ಹೆಚ್ಚು ಸ್ಥಾನಗಳಿದ್ದಾಗ ಒಂದು ಮತಕ್ಕೆ 100 ಮೌಲ್ಯ ಕೊಡುವುದೂ ಇದೇ ಕಾರಣಕ್ಕೆ. ಸಾವಿರಾರು ಮತಗಳನ್ನು ಕೈಯಲ್ಲಿ ಎಣಿಸುವ ಕಡೆ ಆ ಲೆಕ್ಕ ದಿನಗಟ್ಟಲೆ ಎಳೆಯುತ್ತದೆಂದು ಇಲ್ಲಿ ಹಳೆಯ ಕ್ರಮವನ್ನೇ ಉಳಿಸಿಕೊಂಡಿದ್ದಾರೆ. ನನ್ನ ಮಟ್ಟಿಗೆ ಇದು ಸಮಾಧಾನ ತರುವ ಉತ್ತರವಲ್ಲ.

ಪ್ರಶ್ನೆ (ಡಬ್ಲಿನ್ ಬಳಿಯ ಸ್ವೋರ್ಡ್ಸ್‌ನಿಂದ):

ಸರ್, ನಾನು ಸಾಫ್ಟ್‌ವೇರ್ ಉದ್ಯೋಗಿ. ಎಣಿಕೆ ಶುರುವಾಗಿ ಗಂಟೆ ಎರಡು ಕಳೆಯುವ ಮೊದಲೇ ರೇಡಿಯೊದಲ್ಲಿ ಇಂಥವರು ಗೆಲ್ಲುತ್ತಾರೆ, ಇಂಥವರು ಸೋಲುತ್ತಾರೆ ಎಂದು ಹೇಳುತ್ತಿದ್ದರು. ಅಧಿಕೃತ ಫಲಿತಾಂಶವೋ ಎಷ್ಟೋ ಹೊತ್ತಿನ ನಂತರ ಬಂತು. ಇದು ಎಕ್ಸಿಟ್ ಪೋಲ್ ಲೆಕ್ಕವೇ? ಹಾಗೂ ಡೊನೆಗಾಲ್‌ನಲ್ಲಿ ಗೆದ್ದ ‘100% ರಿಡ್ರೆಸ್’ ಎಂಬ ಪಕ್ಷ ಯಾವುದು?

ಉತ್ತರ:

ಎಕ್ಸಿಟ್ ಪೋಲ್ ಅಲ್ಲ, ಅದಕ್ಕೆ ಟ್ಯಾಲಿ ಎನ್ನುತ್ತಾರೆ. ಐರಿಷ್ ಚುನಾವಣೆಯ ಅತ್ಯಂತ ಸೊಗಸಾದ ದೃಶ್ಯ ಅದೇ ಎಂಬುದು ನನ್ನ ಅಭಿಪ್ರಾಯ. ಮತದಾನದ ಮರುದಿನ ಬೆಳಿಗ್ಗೆ ಕ್ರೀಡಾ ಸಭಾಂಗಣದಂಥ ಕಡೆ ಪೆಟ್ಟಿಗೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಸುರಿಯುತ್ತಾರೆ. ಮಡಿಸಿದ ಪತ್ರಗಳನ್ನು ಎಣಿಕೆಯವರಾದ ನಾವು ಬಿಡಿಸಿ ಮುಖ ಮೇಲೆ ಮಾಡಿ ಜೋಡಿಸುತ್ತಿದ್ದರೆ, ನಮ್ಮೆದುರಿನ ಕಟಕಟೆಯ ಆಚೆ ಪಕ್ಷಗಳ ಕಾರ್ಯಕರ್ತರು ರಟ್ಟಿಗೆ ಸಿಕ್ಕಿಸಿದ ಹಾಳೆ ಹಿಡಿದು, ಕತ್ತು ಉದ್ದ ಮಾಡಿ, ಪ್ರತಿ ಪತ್ರದ 1 ಎಲ್ಲಿದೆ ಎಂದು ನೋಡಿ ಗೀಟು ಎಳೆಯುತ್ತಾರೆ. ನಾಲ್ಕು ಗೀಟಿನ ಮೇಲೆ ಒಂದು ಅಡ್ಡಗೀಟು, ಐದಾಯಿತು. ಇಲ್ಲಿಯ ಮತಪತ್ರದಲ್ಲಿ ಅಭ್ಯರ್ಥಿಯ ಫೋಟೊ ಇರುವುದರಿಂದ ದೂರದಿಂದ ಗುರುತಿಸುವುದು ಸುಲಭ. ಹಿಂದಿನ ದಿನದವರೆಗೆ ಹಾವು ಮುಂಗುಸಿಯಂತಿದ್ದ ಪಕ್ಷಗಳವರು ಅಂದು ಪೆಟ್ಟಿಗೆಗಳನ್ನು ತಮ್ಮೊಳಗೆ ಹಂಚಿಕೊಂಡು, ಲೆಕ್ಕವನ್ನು ಒಟ್ಟುಗೂಡಿಸಿ ಎಲ್ಲರಿಗೂ ಕೊಡುತ್ತಾರೆ. ಪೆಟ್ಟಿಗೆ ಪೆಟ್ಟಿಗೆಯ ಲೆಕ್ಕ ಇರುವುದರಿಂದ ಯಾವ ಬಡಾವಣೆಯಲ್ಲಿ ಯಾರಿಗೆ ಎಷ್ಟು ಬಂತು ಎಂಬುದೂ ಗೊತ್ತಾಗುತ್ತದೆ. ರೇಡಿಯೊದವರು ಓದುವುದು ಈ ಲೆಕ್ಕವನ್ನು. ಆದರೆ ಇದು ಮೊದಲ ಪ್ರಾಶಸ್ತ್ಯವನ್ನು ಹಿಡಿದುಕೊಡುತ್ತದೆಯೇ ಹೊರತು ವರ್ಗಾವಣೆಯನ್ನಲ್ಲ. ಕೊನೆಯ ಎರಡು ಸ್ಥಾನಗಳ ವಿಷಯದಲ್ಲಿ ಟ್ಯಾಲಿಯವರೂ ಬಾಯಿ ಬಿಗಿಹಿಡಿಯುತ್ತಾರೆ.

ಅಧಿಕೃತ ಫಲಿತಾಂಶ ತಡವಾದದ್ದಕ್ಕೆ ಇನ್ನೊಂದು ಸಣ್ಣ ಕಾರಣವಿದೆ. ಅದೇ ದಿನ ಯೂರೋಪಿಯನ್ ಸಂಸತ್ತಿಗೂ ಮತದಾನವಿತ್ತು. ಒಂದೇ ಪೆಟ್ಟಿಗೆಯಲ್ಲಿ ಬಿದ್ದ ಪತ್ರಗಳನ್ನು ಮೊದಲು ಬೇರ್ಪಡಿಸಬೇಕಾಯಿತು.

ಇನ್ನು ಡೊನೆಗಾಲ್. ಅಲ್ಲಿ ಸಾವಿರಾರು ಮನೆಗಳ ಕಾಂಕ್ರೀಟ್ ಬ್ಲಾಕುಗಳು ಕೆಟ್ಟಿವೆ. ಬ್ಲಾಕು ಮಾಡಿದ ಕಲ್ಲಿನಲ್ಲಿದ್ದ ಅಭ್ರಕ, ಪಿರೋಟೈಟ್‌ನಂಥ ಖನಿಜಗಳಿಂದಾಗಿ ಹೊರಗೋಡೆಯಲ್ಲಿ ಜೇಡರ ಬಲೆಯಂತೆ ಬಿರುಕು ಹಬ್ಬುತ್ತದೆ. ಮುಂದೆ ಬ್ಲಾಕು ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಸ್ಥಿತಿಗೆ ಬರುತ್ತದೆ. ಸರ್ಕಾರ 2022ರ ಕಾಯ್ದೆಯಡಿ ಒಂದು ಮನೆಗೆ 4,20,000 ಯೂರೊ ಮಿತಿಯ ಅನುದಾನ ಘೋಷಿಸಿತು, 2024ರಲ್ಲಿ ಆ ಮಿತಿಯನ್ನು ಏರಿಸಿತು. ಮನೆ ಕಳೆದುಕೊಳ್ಳುತ್ತಿದ್ದವರು, ತಮ್ಮದಲ್ಲದ ತಪ್ಪಿಗೆ ತಾವೇಕೆ ಕೈಯಿಂದ ಹಣ ಸೇರಿಸಬೇಕು, ನೂರಕ್ಕೆ ನೂರು ಪರಿಹಾರ ಕೊಡಿ ಎಂದು ಬೀದಿಗಿಳಿದರು. ಪಕ್ಷದ ಹೆಸರೇ ಆ ಬೇಡಿಕೆ. ಅವರು 37ರಲ್ಲಿ 4 ಸ್ಥಾನ ಗೆದ್ದರು. ಅದೇ ನವೆಂಬರ್‌ನ ಮಹಾಚುನಾವಣೆಯಲ್ಲಿ ಆ ಪಕ್ಷದ ಚಾರ್ಲ್ಸ್ ವಾರ್ಡ್ ಡೊನೆಗಾಲ್‌ನಿಂದ ಡಾಲ್‌ಗೂ ಆಯ್ಕೆಯಾದರು. ಒಂದು ಸ್ಥಾನಕ್ಕೆ ಒಬ್ಬರೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಇಂಥ ಒಂದೇ ಬೇಡಿಕೆಯ ಪಕ್ಷ ಅಲ್ಲಲ್ಲಿ ಮತ ಒಡೆದು ಮಾಯವಾಗುತ್ತಿತ್ತು. ಇಲ್ಲಿ ಏಳು ಸ್ಥಾನದ ಕ್ಷೇತ್ರದಲ್ಲಿ ಎಂಟನೇ ಒಂದು ಪಾಲು ಜನರನ್ನು ಒಪ್ಪಿಸಿದರೆ ಸಾಕು.

ದೇಶದ ಒಟ್ಟು ಲೆಕ್ಕ ಬೇಕಿದ್ದರೆ: 31 ಕೌನ್ಸಿಲುಗಳ 949 ಸ್ಥಾನಗಳಲ್ಲಿ ಫಿಯಾನಾ ಫಾಯ್ಲ್ 248, ಫಿನೆ ಗೇಲ್ 245, ಶಿನ್ ಫೇನ್ 102 ಗೆದ್ದವು. ಶಿನ್ ಫೇನ್ 2019ರ 81ಕ್ಕಿಂತ ಮೇಲೇರಿದರೂ, ಅದರ ಬಗ್ಗೆ ಇದ್ದ ನಿರೀಕ್ಷೆಯ ಎದುರು ಅದು ಸೋಲೆಂದೇ ಎಲ್ಲರೂ ಓದಿದರು.

ಮರುಪ್ರಶ್ನೆ (ಸ್ವೋರ್ಡ್ಸ್‌ನವರಿಂದ):

ಡೊನೆಗಾಲ್‌ನಲ್ಲಿ ಬಹುಮತಕ್ಕೆ 19 ಬೇಕು, ಯಾರಿಗೂ ಬಂದಿಲ್ಲ. ಹಾಗಿದ್ದರೆ ಅಧಿಕಾರ ಯಾರದು? ಇನ್ನೊಂದು: ಕೌನ್ಸಿಲರ್ ಒಬ್ಬರು ಡಾಲ್‌ಗೆ ಹೋದರೆ ಉಪಚುನಾವಣೆ ಏಕೆ ನಡೆಯುವುದಿಲ್ಲ?

ಉತ್ತರ:

ಬಹುಮತ ಬರದಿರುವುದು ಇಲ್ಲಿ ಮಾಮೂಲು. ಪಕ್ಷಗಳೂ ಪಕ್ಷೇತರರೂ ಕುಳಿತು ಒಪ್ಪಂದ ಮಾಡಿಕೊಂಡು, ಅಧ್ಯಕ್ಷ ಸ್ಥಾನವನ್ನು ವರ್ಷಕ್ಕೊಬ್ಬರಂತೆ ಹಂಚಿಕೊಳ್ಳುತ್ತಾರೆ. ಆದರೆ ಆ ಅಧ್ಯಕ್ಷರ ಕೈಯಲ್ಲಿ ಸಭೆ ನಡೆಸುವ ಗೌರವದಾಚೆಗೆ ಹೆಚ್ಚೇನೂ ಇರುವುದಿಲ್ಲ. ದಿನನಿತ್ಯದ ಆಡಳಿತವೆಲ್ಲ ನೇಮಕವಾದ ಮುಖ್ಯ ಕಾರ್ಯನಿರ್ವಾಹಕರದು. ನಮ್ಮ ಜಿಲ್ಲಾ ಪಂಚಾಯಿತಿಯ ಸಿಇಒ ಅವರನ್ನು ನೆನೆಸಿಕೊಂಡರೆ ಚಿತ್ರ ಸಿಗುತ್ತದೆ. ಬಜೆಟ್ ಒಪ್ಪುವುದು, ಕೌಂಟಿಯ ಅಭಿವೃದ್ಧಿ ಯೋಜನೆ ರೂಪಿಸುವುದು, ಆಸ್ತಿ ತೆರಿಗೆಯನ್ನು ನಿಗದಿತ ಮಿತಿಯೊಳಗೆ ಏರಿಸುವುದು ಇಳಿಸುವುದು, ಇವು ಚುನಾಯಿತರ ಅಧಿಕಾರಗಳು. ರಸ್ತೆ, ಸಾಮಾಜಿಕ ವಸತಿ, ಗ್ರಂಥಾಲಯ, ಅಗ್ನಿಶಾಮಕ ದಳ ಕೌನ್ಸಿಲಿಗೆ ಸೇರುತ್ತವೆ. ಪೊಲೀಸ್ ಮತ್ತು ಆಸ್ಪತ್ರೆ ಸೇರುವುದಿಲ್ಲ. ಲಿಮೆರಿಕ್ ಮಾತ್ರ ಅಪವಾದ: 2024ರಲ್ಲಿ ಅಲ್ಲಿಯ ಜನ ಪಕ್ಷೇತರರಾದ ಜಾನ್ ಮೊರಾನ್ ಅವರನ್ನು ನೇರವಾಗಿ ಮೇಯರ್ ಆಗಿ ಆರಿಸಿದರು, ಮುಖ್ಯ ಕಾರ್ಯನಿರ್ವಾಹಕರ ಹಲವು ಅಧಿಕಾರಗಳು ಅವರಿಗೆ ಬಂದವು.

ಉಪಚುನಾವಣೆ ಸ್ಥಳೀಯ ಮಟ್ಟದಲ್ಲಿ ಇಲ್ಲವೇ ಇಲ್ಲ. ಡಾಲ್ ಸದಸ್ಯರಾದವರು ಕೌನ್ಸಿಲರ್ ಆಗಿ ಮುಂದುವರಿಯುವಂತಿಲ್ಲ. ತೆರವಾದ ಜಾಗಕ್ಕೆ ಅವರ ಪಕ್ಷ ಸೂಚಿಸಿದವರನ್ನು ಕೌನ್ಸಿಲ್ ಸಭೆಯೇ ಸೇರಿಸಿಕೊಳ್ಳುತ್ತದೆ. ಹಿಂದಿನ ಚುನಾವಣೆಯಲ್ಲಿ ಸ್ವಲ್ಪದರಲ್ಲಿ ಸೋತವರಿಗೇ ಕೊಡಬೇಕೆಂಬ ನಿಯಮವಿಲ್ಲ, ಮತದಾರ ಹೆಸರೇ ಕೇಳಿರದವರೂ ಬರಬಹುದು. ತಂದೆಯ ಕಡೆಯಿಂದ ಕೊಂಕಣ ಮೂಲದವರಾಗಿ ಮುಂದೆ ಪ್ರಧಾನಿಯಾದ ಲಿಯೊ ವರಾಡ್ಕರ್ ನಿಮ್ಮ ಫಿಂಗಲ್ ಕೌನ್ಸಿಲಿಗೆ 2003ರಲ್ಲಿ ಕಾಲಿಟ್ಟದ್ದು ಹೀಗೆಯೇ; ಜನರ ಮತ ಕೇಳಿ ಗೆದ್ದದ್ದು ಮರುವರ್ಷ. ಪಕ್ಷೇತರರ ಜಾಗ ತೆರವಾದರೆ ಆಯಾ ಕೌನ್ಸಿಲಿನ ನಡಾವಳಿ ನಿಯಮಗಳಂತೆ ತುಂಬುತ್ತಾರೆ. ನಿಮ್ಮ ಕ್ಷೇತ್ರದಲ್ಲಿ ಯಾರು ಬಂದಿದ್ದಾರೆಂದು ತಿಳಿಯಬೇಕಿದ್ದರೆ ಕೌನ್ಸಿಲಿನ ಮಾಸಿಕ ಸಭೆಯ ನಡಾವಳಿ ಸಾರ್ವಜನಿಕವಾಗಿ ಲಭ್ಯವಿರುತ್ತದೆ, ಅದರಲ್ಲಿ ಹೆಸರು ಸಿಗುತ್ತದೆ.