ಹೆರಿಗೆ ನಂತರದ ರಕ್ತಸ್ರಾವದ ಅಂದಾಜು: ಥೀಸಿಸ್‌ಗೆ ಯಾವ ವಿಧಾನ?

ಹೆರಿಗೆ_ವಾರ್ಡ್ ಕೇಳಿದ್ದು:

ನಮಸ್ಕಾರ. ಮಿಡ್‌ವೈಫರಿ ಓದುತ್ತಿದ್ದೇನೆ. ಹೆರಿಗೆಯಾದ ಮೇಲೆ ಎಷ್ಟು ರಕ್ತ ಹೋಯಿತು ಅಂತ ನಮ್ಮಲ್ಲಿ ಕಣ್ಣಂದಾಜಿನಲ್ಲೇ ಬರೆಯುತ್ತಾರೆ. ಪ್ಯಾಡ್, ಬಟ್ಟೆ ತೂಕ ಮಾಡಿದರೆ ಅದೇ ಲೆಕ್ಕ ಬರುತ್ತಾ ಅಂತ ನೋಡಬೇಕು ಅಂದುಕೊಂಡಿದ್ದೇನೆ. ಗೈಡ್ ಆರ್‌ಸಿಟಿ (ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಎರಡು ಪದ್ಧತಿ ಹೋಲಿಸುವ ಪ್ರಯೋಗ) ಮಾಡು ಅನ್ನುತ್ತಾರೆ, ಪುರಾವೆ ಅಂದರೆ ಅದೇ ಅಂತ. ಸೀನಿಯರ್ ಒಬ್ಬರು ಸಿಸ್ಟರ್‌ಗಳ ಸಂದರ್ಶನ ಮಾಡು ಅನ್ನುತ್ತಾರೆ. ಇನ್ನೊಬ್ಬರದು, ಸುಮ್ನೆ ಎರಡರ ಕೋರಿಲೇಷನ್ (ಎರಡೂ ಒಟ್ಟಿಗೇ ಏರಿಳಿಯುತ್ತವಾ ಅನ್ನೋ ಲೆಕ್ಕ) ತೆಗೆದು ಮುಗಿಸು ಅಂತ. ಯಾವುದು ಸರಿ?

ಅಂಕಿಸಂಖ್ಯೆ:

ನಿಮ್ಮ ಪ್ರಶ್ನೆ ಎರಡು ಅಳತೆಗಳು ಒಂದಕ್ಕೊಂದು ಹೊಂದುತ್ತವಾ ಅನ್ನೋದು. ಇದಕ್ಕೆ ಆರ್‌ಸಿಟಿ ಬೇಕಿಲ್ಲ. ಒಂದೇ ಹೆರಿಗೆಯನ್ನು ಎರಡೂ ರೀತಿಯಲ್ಲಿ ಅಳೆದು ಹೋಲಿಸಿದರೆ ಆಯಿತು.

ಆದರೆ ಕೋರಿಲೇಷನ್ ಬೇಡ, ದಯವಿಟ್ಟು. ತೂಕದಲ್ಲಿ 400, 600, 1000 ಎಂಎಲ್ ಬಂದ ಕಡೆ ಕಣ್ಣಂದಾಜಿನಲ್ಲಿ 200, 300, 500 ಅಂತ ಬರೆದಿದ್ದಾರೆ ಅಂದುಕೊಳ್ಳಿ. ಪ್ರತಿ ಸಲವೂ ಅರ್ಧಕ್ಕರ್ಧ ಕಮ್ಮಿ, ಆದರೂ ಕೋರಿಲೇಷನ್ ಸರಿಯಾಗಿ 1, ಅಂದರೆ ಗರಿಷ್ಠ, ಬರುತ್ತದೆ! ಎಚ್ಚರಿಕೆಯ ಗಡಿ 500 ದಾಟಿ 600 ಎಂಎಲ್ ಹೋದ ತಾಯಿಯನ್ನು ಯಾರೂ ಗಮನಿಸಿರುವುದಿಲ್ಲ, ನಿಮ್ಮ ಟೇಬಲ್ ಮಾತ್ರ ಚೆನ್ನಾಗಿ ಕಾಣುತ್ತಿರುತ್ತದೆ. ಇದಕ್ಕೆ ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದ ವಿಧಾನ ಇದೆ. ಪ್ರತಿ ಹೆರಿಗೆಗೂ ಎರಡು ಅಳತೆಗಳ ವ್ಯತ್ಯಾಸ ತೆಗೆದು, ಆ ಎರಡು ಅಳತೆಗಳ ಸರಾಸರಿಯ ಎದುರು ಗ್ರಾಫ್‌ನಲ್ಲಿ ಗುರುತಿಸಿ. ಅಂದಾಜು ಯಾವ ಕಡೆ ವಾಲುತ್ತಿದೆ, ರಕ್ತ ಜಾಸ್ತಿ ಹೋದಷ್ಟೂ ತಪ್ಪು ಹೆಚ್ಚುತ್ತಾ, ಎರಡೂ ಅದರಲ್ಲೇ ಕಾಣುತ್ತದೆ.

ರಾತ್ರಿ_ಪಾಳಿ:

ಸಂದರ್ಶನ ಮಾಡಿ ಅಂದ ಸೀನಿಯರ್ ಮಾತನ್ನೂ ತಳ್ಳಿಹಾಕಬೇಡಿ, ಅದು ಬೇರೆಯೇ ಪ್ರಶ್ನೆ ಅಷ್ಟೇ. ತಕ್ಕಡಿ ಪಕ್ಕದಲ್ಲೇ ಇದ್ದರೂ ಯಾಕೆ ತೂಕ ಮಾಡುವುದಿಲ್ಲ? ಇದಕ್ಕೆ ಪ್ರಶ್ನಾವಳಿ ಕೊಟ್ಟರೆ ಎಲ್ಲರೂ 'ಸಮಯ ಇಲ್ಲ' ಅಂತ ಟಿಕ್ ಹಾಕಿ ಕೊಡುತ್ತಾರೆ. ಕೂತು ಮಾತಾಡಿಸಿದರೆ ಬೇರೆ ಸಂಗತಿ ಹೊರಬರುತ್ತದೆ, ಜಾಸ್ತಿ ಬರೆದರೆ ಮೇಲಿನವರು ಪ್ರಶ್ನೆ ಮಾಡುತ್ತಾರೆ ಅನ್ನೋ ಭಯ, ಒದ್ದೆ ಬಟ್ಟೆ ಯಾರು ಎತ್ತಬೇಕು ಅನ್ನೋ ಜಗಳ, ಮಗು ಅಳಲಿಲ್ಲ ಅಂತ ಎಲ್ಲರ ಗಮನ ಆ ಕಡೆ ಹೋಗಿದ್ದು. ಇವು ಅಂಕಿಯಲ್ಲಿ ಸಿಗಲ್ಲ, ಆದರೆ ಇವೂ ಪುರಾವೆಯೇ.

ಓದುಮನೆ:

ಗೈಡ್ ಹೇಳುವ ಆರ್‌ಸಿಟಿ ಯಾವಾಗ ಬೇಕು ಅಂದರೆ, ಅಳೆಯುವುದರಿಂದ ತಾಯಂದಿರಿಗೆ ಒಳ್ಳೆಯದಾಗುತ್ತಾ ಅಂತ ಕೇಳಿದಾಗ. ಅದನ್ನು ದೊಡ್ಡ ಮಟ್ಟದಲ್ಲಿ ನೋಡಿದ್ದಾರೆ. 2010ರಲ್ಲಿ ಪ್ರಕಟವಾದ, ಯುರೋಪಿನ 13 ದೇಶಗಳ ಟ್ರಯಲ್‌ನಲ್ಲಿ ರಕ್ತ ಸಂಗ್ರಹಿಸುವ ಪಾರದರ್ಶಕ ಚೀಲ ಕೊಟ್ಟರೂ ತೀವ್ರ ರಕ್ತಸ್ರಾವ ಕಡಿಮೆಯಾಗಲಿಲ್ಲ. 2023ರ ಇ-ಮೋಟಿವ್ ಟ್ರಯಲ್ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ನಡೆಯಿತು. ಅಲ್ಲಿ ರಕ್ತ ಸಂಗ್ರಹಿಸುವ, ಅಳತೆ ಗುರುತಿದ್ದ ಶೀಟ್ ಜೊತೆಗೆ ಗರ್ಭಕೋಶದ ಮಸಾಜ್, ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್‌ನಂಥ ಔಷಧ, ರಕ್ತ ನಿಲ್ಲಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ತಪಾಸಣೆ ಎಲ್ಲವನ್ನೂ ಒಟ್ಟಿಗೇ ಶುರುಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗಿ ಬಂದದ್ದು, ಅದರಿಂದಾದ ಸಾವು, ಈ ಮೂರೂ ಸೇರಿ ಹಳೆಯ ಪದ್ಧತಿಯ ಆಸ್ಪತ್ರೆಗಳಲ್ಲಿ 4.3%, ಹೊಸ ಪದ್ಧತಿಯ ಕಡೆ 1.6% ಆಯಿತು. ಅಳೆದು ಸುಮ್ಮನಿದ್ದರೆ ಏನೂ ಆಗಲ್ಲ ಅಲ್ವಾ?

ಎರಡರಲ್ಲೂ ತಾಯಂದಿರನ್ನಲ್ಲ, ಇಡೀ ಆಸ್ಪತ್ರೆಗಳನ್ನೇ ಗುಂಪು ಮಾಡಿದ್ದನ್ನು ಗಮನಿಸಿ. ಒಂದೇ ವಾರ್ಡಿನಲ್ಲಿ ಈ ತಾಯಿಗೆ ಹೊಸ ಪದ್ಧತಿ, ಪಕ್ಕದವರಿಗೆ ಹಳೆಯದು ಅಂದರೆ ಸಿಸ್ಟರ್‌ಗಳು ಕಲಿತದ್ದನ್ನು ಎಲ್ಲರಿಗೂ ಮಾಡಿಬಿಡುತ್ತಾರೆ. ಒಬ್ಬರೇ ಮಾಡುವ ಥೀಸಿಸ್‌ಗೆ ಇದು ಆಗುವ ಕೆಲಸವಲ್ಲ. ಗೈಡ್‌ಗೆ ಈ ಎರಡು ಪೇಪರ್ ತೋರಿಸಿ ಮಾತಾಡಿ.

ಹೆರಿಗೆ_ವಾರ್ಡ್:

ತುಂಬಾ ಥ್ಯಾಂಕ್ಸ್, ಹೋಲಿಕೆ ಅಧ್ಯಯನವನ್ನೇ ಮಾಡುತ್ತೇನೆ. ಒಂದು ಸಂಶಯ. ತೂಕದ ಲೆಕ್ಕ ಸಿಸ್ಟರ್‌ಗೆ ಗೊತ್ತಾದರೆ ಅವರ ಅಂದಾಜೂ ಬದಲಾಗುತ್ತದೆ, ಅಲ್ವಾ? ಮುಚ್ಚಿಡಬಹುದಾ?

ಅಂಕಿಸಂಖ್ಯೆ:

ಅಂದಾಜು ಬರೆದುಕೊಡುವ ತನಕ ಮಾತ್ರ. ಬರೆದ ತಕ್ಷಣ ತೂಕ ಮಾಡಿ, ಒಣ ಪ್ಯಾಡಿನ ತೂಕ ಕಳೆಯಿರಿ, 1 ಗ್ರಾಂ ಅಂದರೆ ಸುಮಾರು 1 ಎಂಎಲ್. ಮಗು ಹುಟ್ಟಿದ ಕೂಡಲೇ ಹೊಸ ಪ್ಯಾಡ್ ಹಾಕಿಸಿ, ಇಲ್ಲದಿದ್ದರೆ ನೀರೊಡೆದದ್ದೂ ಲೆಕ್ಕಕ್ಕೆ ಸೇರುತ್ತದೆ. 500 ಎಂಎಲ್ ಮುಟ್ಟಿದರೆ ಆ ಕ್ಷಣವೇ ಡ್ಯೂಟಿಯಲ್ಲಿರುವವರಿಗೆ ಹೇಳಬೇಕು. ತೂಕಕ್ಕಿಂತ ಮೊದಲೇ ತಾಯಿ ಸುಸ್ತಾಗಿ ಕಂಡರೆ ಅಂದಾಜಿಗೂ ಕಾಯಬೇಡಿ, ಆ ಕೇಸ್ ಬಿಟ್ಟುಹೋದರೂ ಪರವಾಗಿಲ್ಲ. ಎಥಿಕ್ಸ್ ಕಮಿಟಿಗೆ ಕೊಡುವ ಅರ್ಜಿಯಲ್ಲೇ ಇದನ್ನು ಸ್ಪಷ್ಟವಾಗಿ ಬರೆಯಿರಿ.