ಸುಧತ್ತೆಗೆ, ಕಿವಿಯಲ್ಲೇ ಜಪಾನಿ ಕಲಿಯೋ ಬಗ್ಗೆ

ಸುಧತ್ತೆ, ನಿಮ್ಮ ಮೆಸೇಜ್ ಈಗ ನೋಡ್ದೆ. ಏಪ್ರಿಲ್‌ನಲ್ಲಿ ನೀವು, ಮಾವ ಇಬ್ರೂ ಜಪಾನಿಗೆ ಹೊರಟಿದ್ದೀರ ಅಂತ ಓದಿ ತುಂಬಾ ಖುಷಿ ಆಯ್ತು. "ಪುಸ್ತಕ ಹಿಡಿದ್ರೆ ಕಣ್ಣು ನೋಯುತ್ತೆ, ಬರೀ ಆಡಿಯೋ ಕೇಳ್ಕೊಂಡು ಒಂದಿಷ್ಟು ಜಪಾನಿ ಭಾಷೆ ಕಲೀಬಹುದಾ, ಈ ವಯಸ್ಸಿಗೆ ತಲೆಗೆ ಹತ್ತುತ್ತಾ" ಅಂತ ಕೇಳಿದ್ದೀರಲ್ಲ, ಇದಕ್ಕೆ ಟೈಪ್ ಮಾಡಿ ಪೂರೈಸಲ್ಲ, ಅದಕ್ಕೇ ವಾಯ್ಸ್ ಕಳಿಸ್ತಿದ್ದೀನಿ. ಉದ್ದ ಆಗುತ್ತೆ, ಅಡುಗೆ ಮಾಡ್ತಾ ಕೇಳಿ.

ಖಂಡಿತ ಹತ್ತುತ್ತೆ ಅತ್ತೆ. ನಾನೂ ಹೋಗೋ ಮುಂಚೆ ಹಾಗೇ ಕಲ್ತಿದ್ದು, ಬೆಳಿಗ್ಗೆ ವಾಕಿಂಗ್ ಮಾಡ್ತಾ. ಒಂದೇ ಒಂದು ಮಾತು: ಇಂಗ್ಲಿಷ್ ಮೂಲಕ ಕಲೀಬೇಡಿ, ಕನ್ನಡದ ಮೂಲಕ ಕಲೀರಿ. ಪಾಠ ಹೇಳೋರು ಇಂಗ್ಲಿಷಲ್ಲೇ ಹೇಳ್ಲಿ, ಪರವಾಗಿಲ್ಲ. ಅವರು "ವೇರ್ ಈಸ್ ದ ಸ್ಟೇಷನ್" ಅಂದ ತಕ್ಷಣ ನೀವು ಮನಸ್ಸಲ್ಲಿ "ಸ್ಟೇಷನ್ ಎಲ್ಲಿದೆ" ಅಂದ್ಕೊಂಡ್ಬಿಡಿ. ಜಪಾನಿಯಲ್ಲಿ ಅದು "ಎಕಿ ವ ದೊಕೊ ದೆಸ್ ಕ". ಎಕಿ ಅಂದ್ರೆ ಸ್ಟೇಷನ್, ದೊಕೊ ಅಂದ್ರೆ ಎಲ್ಲಿ. ನಾವು "ಬರ್ತೀರಾ" ಅಂತ ಕೊನೇಲಿ ಎಳೀತೀವಲ್ಲ, ಆ ಜಾಗದಲ್ಲಿ ಅವರು "ಕ" ಹಾಕ್ತಾರೆ. ಕ್ರಿಯಾಪದ ಕೊನೆಗೇ ಬರುತ್ತೆ, ವಿಭಕ್ತಿ ಪದದ ಬೆನ್ನಿಗೇ ಬರುತ್ತೆ. "ಕ್ಯೋತೊ ಕರ" ಅಂದ್ರೆ ಕ್ಯೋತೊ ಇಂದ, "ಓಸಕ ಮದೆ" ಅಂದ್ರೆ ಓಸಕವರೆಗೆ. ಇಂಗ್ಲಿಷ್ ಮಾತಾಡೋರು ಇಡೀ ವಾಕ್ಯ ತಿರುವಿ ಹಾಕ್ಬೇಕು, ನಮಗೆ ಆ ಕೆಲಸವೇ ಇಲ್ಲ.

ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನವರದ್ದು ಉಚಿತ ಪಾಠ ಇದೆ, ಹಿಂದೀಲೂ ಸಿಗುತ್ತೆ. ನಿಮಗೆ ಹಿಂದಿ ಚೆನ್ನಾಗಿ ಬರುತ್ತಲ್ಲ, ಅದನ್ನೇ ಹಾಕ್ಕೊಳ್ಳಿ. ಹಿಂದಿ ವಾಕ್ಯದ ಕ್ರಮವೂ ಕನ್ನಡದ್ದೇ ಥರ.

ಬರ್ಕೊಳ್ಳೋದಾದ್ರೆ ದಯವಿಟ್ಟು ಕನ್ನಡ ಅಕ್ಷರದಲ್ಲೇ ಬರ್ಕೊಳ್ಳಿ. ಅವರಿಗೆ ಹ್ರಸ್ವ, ದೀರ್ಘ ಬಹಳ ಮುಖ್ಯ. ಒಬಸನ್ ಅಂದ್ರೆ ಅತ್ತೆ, ಚಿಕ್ಕಮ್ಮ. ಒಬಾಸನ್ ಅಂದ್ರೆ ಅಜ್ಜಿ! ಕಿತೆ ಅಂದ್ರೆ ಬಾ ಅಂತ, ಕಿತ್ತೆ ಅಂದ್ರೆ ಅಂಚೆ ಚೀಟಿ. ಎ-ಏ, ಒ-ಓ, ಒತ್ತಕ್ಷರ, ಎಲ್ಲಾ ನಮ್ಮ ಹತ್ರ ಇದೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ ಎಷ್ಟೋ ಸಲ ಅದೆಲ್ಲಾ ಮರೆಯಾಗುತ್ತೆ. ಅವರ ತ, ದ ಕೂಡ ನಮ್ಮ ತ, ದ ಥರಾನೇ, ಟ, ಡ ಅಲ್ಲ. ಅದಕ್ಕೇ ಟೋಕಿಯೋ ಅನ್ನದೆ ತೋಕ್ಯೋ ಅಂದ್ರೆ ಅವರಿಗೆ ಥಟ್ ಅಂತ ಗೊತ್ತಾಗುತ್ತೆ. ಪುಸ್ತಕದಲ್ಲಿ ವಾಕ್ಯದ ಕೊನೇಲಿ ದೆಸು, ಮಸು ಅಂತಿರುತ್ತೆ, ಬಾಯಲ್ಲಿ ಬರೋದು ದೆಸ್, ಮಸ್. ಇದು ಕಿವೀಲೇ ಕಲೀಬೇಕಾದ್ದು, ಆಡಿಯೋದ ದೊಡ್ಡ ಲಾಭ ಇದೇ.

ಕೇಳೋವಾಗ ಸುಮ್ನೆ ಹಾಡು ಕೇಳೋ ಹಾಗೆ ಕೇಳ್ಬೇಡಿ ಅತ್ತೆ. ಪಾಠದ ಮಧ್ಯೆ ಅವರು ಸ್ವಲ್ಪ ಹೊತ್ತು ಬಿಡ್ತಾರೆ, ಆಗ ಉತ್ತರ ಬರೋ ಮುಂಚೆ ಬಾಯಿ ಬಿಟ್ಟು, ಗಟ್ಟಿಯಾಗಿ ನೀವೇ ಹೇಳ್ಬೇಕು. ಪಾಲ್ ಪಿಮ್ಸ್ಲರ್ ಅಂತ ಅಮೆರಿಕದ ಭಾಷಾ ವಿದ್ವಾಂಸರು 1967ರಲ್ಲೇ ಇದರ ಲೆಕ್ಕ ಕೊಟ್ಟಿದ್ರು: ಹೊಸ ಪದವನ್ನ 5 ಸೆಕೆಂಡಿಗೆ, ಆಮೇಲೆ 25 ಸೆಕೆಂಡಿಗೆ, 2 ನಿಮಿಷಕ್ಕೆ, 10 ನಿಮಿಷಕ್ಕೆ, ಹೀಗೆ ಅಂತರ ಬೆಳೆಸ್ತಾ ನೆನಪು ಮಾಡ್ಕೋಬೇಕು ಅಂತ. ಅವರ ಹೆಸರಲ್ಲಿರೋ ಅರ್ಧರ್ಧ ಗಂಟೆ ಪಾಠಗಳು ಹೀಗೇ ಇವೆ, ಆದ್ರೆ ದುಡ್ಡು ಕೊಡ್ಬೇಕು. ಉಚಿತ ಪಾಠದಲ್ಲೂ ನೀವೇ ಅಲ್ಲಲ್ಲಿ ನಿಲ್ಲಿಸಿ ಹೇಳ್ಕೊಂಡ್ರೆ ಅದೇ ಫಲ.

ಇನ್ನು, ನಾವು ಪ್ರಶ್ನೆ ಕೇಳೋದು ಕಲ್ತ್ರೆ ಸಾಲದು, ಅವರು ಏನ್ ಹೇಳ್ತಾರೆ ಅನ್ನೋದಕ್ಕೆ ಕಿವಿ ತಯಾರಾಗಿರ್ಬೇಕು. ಹೋಟೆಲ್ ಒಳಗೆ ಕಾಲಿಟ್ರೆ "ಇರಶ್ಶೈಮಸೆ" ಅಂತ ಕೂಗ್ತಾರೆ, ಬನ್ನಿ ಬನ್ನಿ ಅಂತ, ಅದಕ್ಕೆ ಉತ್ತರ ಬೇಕಾಗಿಲ್ಲ. ಹಿಂದೇನೇ "ನನ್‌ಮೇಸಮ ದೆಸ್ ಕ" ಅಂತಾರೆ, ಎಷ್ಟು ಜನ ಅಂತ. "ಫುತರಿ ದೆಸ್" ಅನ್ನಿ, ಇಬ್ರು. ಮೂಲೆ ಅಂಗಡಿಗೆ ಅಲ್ಲಿ ಕೊಂಬಿನಿ ಅಂತಾರೆ. ಕೌಂಟರಿನಲ್ಲಿ ಹುಡುಗ ಬಗ್ಗಿ, ಒಂದೇ ಉಸಿರಲ್ಲಿ ಏನೋ ಹೇಳ್ತಾನೆ. ಅದರಲ್ಲಿ "ಫುಕುರೊ" ಕೇಳಿಸಿದ್ರೆ ಚೀಲ ಬೇಕಾ ಅಂತ, 2020ರಿಂದ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು ತಗೋತಾರೆ. "ಅತತಮೆಮಸ್ ಕ" ಅಂದ್ರೆ ತಿಂಡಿ ಬಿಸಿ ಮಾಡ್ಲಾ ಅಂತ. ಬೇಕಾದ್ರೆ "ಹೈ, ಒನೆಗೈಶಿಮಸ್", ಬೇಡವಾದ್ರೆ "ದೈಜೋಬು ದೆಸ್". ಇಡೀ ವಾಕ್ಯ ಅರ್ಥ ಆಗ್ಬೇಕಿಲ್ಲ, ಆ ಒಂದು ಪದ ಹಿಡಿದ್ರೆ ಸಾಕು.

ಬೆಲೆ ಕೇಳೋವಾಗ ನಿಮಗೆ ಮಜಾ ಬರುತ್ತೆ, ಮಕ್ಕಳಿಗೆ ಆದೇಶ ಸಂಧಿ ಹೇಳ್ಕೊಟ್ಟೋರು ನೀವು. ಹ್ಯಕು ಅಂದ್ರೆ ನೂರು, ಸನ್ ಅಂದ್ರೆ ಮೂರು, ಮುನ್ನೂರು ಮಾತ್ರ ಸಂಬ್ಯಕು! ಕಣ್ ಪನಿ ಕಂಬನಿ ಆಯ್ತಲ್ಲ, ಹಾಗೇ. ಆರುನೂರು ರೊಪ್ಪ್ಯಕು, ಎಂಟುನೂರು ಹಪ್ಪ್ಯಕು. ಸಂಖ್ಯೆಗಳನ್ನ ಬೇರೆಯಾಗೇ ಕೇಳಿ ಕೇಳಿ ರೂಢಿ ಮಾಡ್ಕೊಳ್ಳಿ.

ಈಗ ಮಾವನ ಊಟದ ವಿಷಯ, ಇದನ್ನ ಗಮನ ಇಟ್ಟು ಕೇಳಿ. "ವೆಜಿಟೇರಿಯನ್" ಅಂದ್ರೆ ಅಲ್ಲಿ ಮಾಂಸ ತೆಗೀತಾರೆ, ದಶಿ ಉಳಿಯುತ್ತೆ. ದಶಿ ಅಂದ್ರೆ ಸಾರಿನ ಮೂಲ ರಸ. ಸಾಮಾನ್ಯವಾಗಿ ಕತ್ಸುಓ ಅನ್ನೋ ಒಣಮೀನಿನ ಎಸಳು, ಕೊಂಬು ಅನ್ನೋ ಕಡಲ ಪಾಚಿ ಹಾಕಿ ಮಾಡ್ತಾರೆ. ಮಿಸೊ ಸೂಪು, ಉದೊನ್, ಸೊಬ ಅನ್ನೋ ನೂಡಲ್ಸು, ಕೊನೆಗೆ ಬೇಯಿಸಿದ ತರಕಾರೀಲೂ ಇರುತ್ತೆ. ಕಣ್ಣಿಗೆ ಕಾಣಲ್ಲ. ಹಾಗಾಗಿ ಈ ಎರಡು ವಾಕ್ಯ ಮಾವನಿಗೂ ಬಾಯಿಪಾಠ ಆಗ್ಲೇಬೇಕು. "ನಿಕು ತೊ ಸಕನ ವ ತಬೆರರೆಮಸೆನ್", ಮಾಂಸ, ಮೀನು ತಿನ್ನೋಕಾಗಲ್ಲ. "ಕತ್ಸುಓ ದಶಿ ವ ಹೈತ್ತೆ ಇಮಸ್ ಕ", ಕತ್ಸುಓ ದಶಿ ಹಾಕಿದೆಯಾ. ಹೌದು ಅಂದ್ರೆ ಬೇಜಾರಿಲ್ಲದೆ "ಸುಮಿಮಸೆನ್", ಅಂದ್ರೆ ಕ್ಷಮಿಸಿ, ಅಂತ ಎದ್ದು ಬನ್ನಿ, ಅವರು ತಪ್ಪು ತಿಳ್ಕೊಳ್ಳಲ್ಲ. ಸಾಧ್ಯ ಆದ್ರೆ ಒಂದು ರಾತ್ರಿ ಕೋಯಸನ್ ಬೆಟ್ಟದ ಮಠದಲ್ಲಿ ಉಳ್ಕೊಳ್ಳಿ. ಅಲ್ಲಿ ಶೋಜಿನ್ ರ್ಯೋರಿ ಅಂತ ಬೌದ್ಧ ಸನ್ಯಾಸಿಗಳ ಊಟ ಕೊಡ್ತಾರೆ, ಮೀನಿಲ್ಲ, ಸಂಪ್ರದಾಯದ ಪ್ರಕಾರ ಈರುಳ್ಳಿ ಬೆಳ್ಳುಳ್ಳೀನೂ ಇಲ್ಲ. ಮಾವ ನೆಮ್ಮದಿಯಾಗಿ ಉಣ್ತಾರೆ.

ಓದೋದು ಕಲೀಬೇಕಾಗಿಲ್ಲ, ರೈಲು ನಿಲ್ದಾಣದ ಹೆಸರು ಇಂಗ್ಲಿಷ್ ಅಕ್ಷರದಲ್ಲೂ ಇರುತ್ತೆ. ಆಂಬುಲೆನ್ಸಿಗೆ 119, ಪೊಲೀಸಿಗೆ 110, ಇಬ್ರ ಫೋನಲ್ಲೂ ಈಗ್ಲೇ ಹಾಕಿಟ್ಕೊಳ್ಳಿ. "ಕೊಕೊ ಗ ಇತಯ್ ದೆಸ್" ಅಂತ ಕೈ ತೋರಿಸಿದ್ರೆ ಇಲ್ಲಿ ನೋವು ಅಂತ.

ಇವತ್ತು ರಾತ್ರಿ, ಊಟದ ವಿಷಯದ ಆ ಎರಡು ವಾಕ್ಯ ಮಾತ್ರ ನಿಧಾನವಾಗಿ, ಮಧ್ಯೆ ಜಾಗ ಬಿಟ್ಟು ಹೇಳಿ ಇನ್ನೊಂದು ವಾಯ್ಸ್ ಹಾಕ್ತೀನಿ. ನೀವು ಹೇಳಿ ವಾಪಸ್ ಕಳಿಸಿ, ಮಾವನ ಹತ್ರಾನೂ ಹೇಳ್ಸಿ. ಗುಂಪಲ್ಲಿ ಬೇಡ ಅನ್ಸಿದ್ರೆ ನನಗೊಬ್ಬಳಿಗೇ ಕಳಿಸಿ ಅತ್ತೆ.