ಟಿವಿ ಪಿಸಿಯಲ್ಲಿ ಅರ್ಧ ಫೋಟೋಗಳ ಟ್ಯಾಗ್ ಕಾಣುತ್ತಿಲ್ಲ, ಕನ್ನಡ ಟ್ಯಾಗ್ ಚಿತ್ರವಿಚಿತ್ರ ಅಕ್ಷರವಾಗಿದೆ

ಹಂಚಿನಮನೆ ಕೇಳಿದ್ದು:

ಹಾಲ್‌ನ ಟಿವಿಗೆ ಎಚ್‌ಡಿಎಂಐನಲ್ಲಿ ಜೋಡಿಸಿದ ಮಿನಿ ಪಿಸಿ. ಉಬುಂಟು 24.04, ಫೋಟೋ ನೋಡುವುದಕ್ಕೆ ಡಾಕರ್‌ನಲ್ಲಿ ಓಡುವ ಇಮ್ಮಿಚ್ ಎಂಬ ತಂತ್ರಾಂಶ, ಟ್ಯಾಗ್ ಹಾಕುವುದಕ್ಕೆ ಡಿಜಿಕ್ಯಾಮ್ 8. ಸುಮಾರು 18,000 ಜೆಪೆಗ್ ಫೋಟೋಗಳು ಒಂದು ಯುಎಸ್‌ಬಿ ಡಿಸ್ಕ್‌ನಲ್ಲಿವೆ, ಇಮ್ಮಿಚ್‌ಗೆ ಅದನ್ನು ಎಕ್ಸ್‌ಟರ್ನಲ್ ಲೈಬ್ರರಿಯಾಗಿ (ಫೈಲ್ ಇದ್ದಲ್ಲೇ ಓದುವಂತೆ) ಕೊಟ್ಟಿದ್ದೇನೆ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಟ್ಯಾಗ್ಸ್ ಆನ್ ಆಗಿದೆ. ತೊಂದರೆ ಮೂರು:

ಒಂದು, ಮೊದಲು ವಿಂಡೋಸ್‌ನಲ್ಲಿ ಫೈಲ್‌ನ ಪ್ರಾಪರ್ಟೀಸ್ ತೆರೆದು ಹಾಕಿದ್ದ ಟ್ಯಾಗ್‌ಗಳು ಡಿಜಿಕ್ಯಾಮ್‌ನಲ್ಲಿ ಸರಿಯಾಗಿ ಕಾಣುತ್ತವೆ, ಇಮ್ಮಿಚ್‌ನಲ್ಲಿ ಒಂದೂ ಇಲ್ಲ. ಎರಡು, 2009-2011ರ ಫೋಟೋಗಳಿಗೆ ಒಂದು ಹಳೇ ಆಪ್‌ನಲ್ಲಿ ಹಾಕಿದ ಕನ್ನಡ ಟ್ಯಾಗ್‌ಗಳು ಕನ್ನಡವಾಗಿ ಉಳಿದಿಲ್ಲ. ಸಾಲಾಗಿ ತಲೆ ಮೇಲೆ ಗೆರೆ ಇರುವ ಸಣ್ಣ ಇಂಗ್ಲಿಷ್ 'ಎ', ಅದರ ಪಕ್ಕ ಪುಟ್ಟ 2 ಅಥವಾ 3, ಮತ್ತೆ ಅದೇ 'ಎ'. ಮೂರು, 'ಸುಬ್ರಹ್ಮಣ್ಯ ಷಷ್ಠಿ ರಥೋತ್ಸವ' ಅನ್ನುವ ಟ್ಯಾಗ್ ಪಟ್ಟಿಯಲ್ಲಿ ಎರಡು ಸಲ ಇದೆ. ಒಂದು ಪೂರ್ತಿ, ಇನ್ನೊಂದು 'ರಥೋತ' ಎಂಬಲ್ಲಿಗೆ ಕತ್ತರಿಸಿದ್ದು.

ಮೊದಲ ಬಗೆಯ ಒಂದು ಫೋಟೋವನ್ನು ಎಕ್ಸಿಫ್‌ಟೂಲ್‌ನಲ್ಲಿ (ಫೋಟೋ ಫೈಲ್ ಒಳಗಿನ ಮಾಹಿತಿಯನ್ನು ಓದುವ, ಬರೆಯುವ ಟರ್ಮಿನಲ್ ಉಪಕರಣ) ನೋಡಿದೆ. ಐಎಫ್‌ಡಿ0 ಗುಂಪಿನಲ್ಲಿ ಎಕ್ಸ್‌ಪಿಕೀವರ್ಡ್ಸ್, ಎಕ್ಸ್‌ಎಂಪಿ-ಡಿಸಿಯಲ್ಲಿ ಸಬ್ಜೆಕ್ಟ್, ಎಕ್ಸ್‌ಎಂಪಿ-ಮೈಕ್ರೋಸಾಫ್ಟ್‌ನಲ್ಲಿ ಲಾಸ್ಟ್‌ಕೀವರ್ಡ್‌ಎಕ್ಸ್‌ಎಂಪಿ, ಮೂರರಲ್ಲೂ ಟ್ಯಾಗ್ ಇದೆ. ಹಾಗಿದ್ದೂ ಇಮ್ಮಿಚ್‌ಗೆ ಯಾಕೆ ಕಾಣುತ್ತಿಲ್ಲ? 18,000 ಫೋಟೋಗಳಿಗೆ ಮತ್ತೆ ಕೈಯಲ್ಲಿ ಟ್ಯಾಗ್ ಹಾಕುವುದು ಆಗದ ಮಾತು.

ಕಡಲತೀರ_ಕೆ:

ಮತ್ತೆ ಹಾಕಬೇಕಾಗಿಲ್ಲ. ನಿಮ್ಮ ಟ್ಯಾಗ್‌ಗಳು ಎಲ್ಲಿಗೂ ಹೋಗಿಲ್ಲ, ಇಮ್ಮಿಚ್ ಹುಡುಕುವ ಜಾಗದಲ್ಲಿ ಇಲ್ಲ ಅಷ್ಟೇ.

ಒಂದು ಜೆಪೆಗ್ ಒಳಗೆ ಟ್ಯಾಗ್ ಬರೆಯುವುದಕ್ಕೆ ಒಂದೇ ಜಾಗ ಅಂತಿಲ್ಲ. ಎಕ್ಸಿಫ್, ಐಪಿಟಿಸಿ, ಎಕ್ಸ್‌ಎಂಪಿ ಅಂತ ಮೂರು ಕಂತೆ. ಎಕ್ಸ್‌ಎಂಪಿಯ ಒಳಗೇ ಮತ್ತೆ ನಾಲ್ಕೈದು ಖಾನೆ. ಪ್ರತಿ ತಂತ್ರಾಂಶವೂ ತನಗೆ ಬೇಕಾದಲ್ಲಿ ಬರೆಯುತ್ತದೆ, ತನಗೆ ಬೇಕಾದ ಕ್ರಮದಲ್ಲಿ ಓದುತ್ತದೆ. ಡಿಜಿಕ್ಯಾಮ್ ಹೆಚ್ಚುಕಮ್ಮಿ ಎಲ್ಲ ಖಾನೆಯನ್ನೂ ತಡಕುತ್ತದೆ, ಹಾಗಾಗಿ ಅಲ್ಲಿ ಕಾಣುತ್ತದೆ. ಇಮ್ಮಿಚ್ ಮೊದಲು ಎಕ್ಸ್‌ಎಂಪಿಯಲ್ಲಿ ಡಿಜಿಕ್ಯಾಮ್‌ನ ಖಾನೆಯಾದ ಟ್ಯಾಗ್ಸ್‌ಲಿಸ್ಟ್ ನೋಡುತ್ತದೆ, ಅದಿಲ್ಲದಿದ್ದರೆ ಹೈರಾರ್ಕಿಕಲ್‌ಸಬ್ಜೆಕ್ಟ್, ಅದೂ ಇಲ್ಲದಿದ್ದರೆ ಐಪಿಟಿಸಿಯ ಕೀವರ್ಡ್ಸ್. ನೀವು ತೋರಿಸಿದ ಫೋಟೋದಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಇರುವ ಮೂರನ್ನು ಅದು ಕೇಳುವುದೇ ಇಲ್ಲ.

ಇನ್ನೊಂದನ್ನು ಖಚಿತ ಮಾಡಿಕೊಳ್ಳಿ: ಡಿಜಿಕ್ಯಾಮ್‌ನಲ್ಲಿ ನೀವೇ ಹಾಕಿದ ಟ್ಯಾಗ್‌ಗಳು ಫೈಲ್‌ಗೆ ಇಳಿದಿವೆಯೋ ಇಲ್ಲವೋ. ಸೆಟ್ಟಿಂಗ್ಸ್‌ನ ಮೆಟಾಡೇಟಾ (ಫೈಲ್ ಒಳಗೆ ಫೋಟೋದ ಬಗ್ಗೆ ಇರುವ ಮಾಹಿತಿ) ವಿಭಾಗದಲ್ಲಿ ಟ್ಯಾಗ್ ಬರೆಯುವ ಗುರುತು ಹಾಕಿರದಿದ್ದರೆ ಎಲ್ಲವೂ ಅದರ ಡೇಟಾಬೇಸ್‌ನಲ್ಲೇ ಕೂತಿರುತ್ತವೆ. ಗುರುತು ಹಾಕಿ, ಆಮೇಲೆ ಟೂಲ್ಸ್ → ಮೇಂಟೆನೆನ್ಸ್‌ನಲ್ಲಿ ಮೆಟಾಡೇಟಾ ಮತ್ತು ಡೇಟಾಬೇಸ್ ಸಿಂಕ್ ಮಾಡಿ. ದಿಕ್ಕು ಡೇಟಾಬೇಸ್‌ನಿಂದ ಫೈಲ್ ಕಡೆಗೆ ಇರಲಿ. ಉಲ್ಟಾ ಮಾಡಿದರೆ ಹಾಕಿದ ಟ್ಯಾಗ್ ಕೈಬಿಟ್ಟು ಹೋಗಬಹುದು.

ಈಗ ವಿಂಡೋಸ್ ಟ್ಯಾಗ್‌ಗಳಿಗೆ ಎಕ್ಸಿಫ್‌ಟೂಲ್ ಆಜ್ಞೆ. ಉಚ್ಚಾರಣೆಯಂತೆ ಬರೆಯುತ್ತೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ:

ಎಕ್ಸಿಫ್‌ಟೂಲ್ -ಆರ್ -ಇಎಕ್ಸ್‌ಟಿ ಜೆಪಿಜಿ -ಇಫ್ '$ಸಬ್ಜೆಕ್ಟ್ ಆಂಡ್ ನಾಟ್ $ಟ್ಯಾಗ್ಸ್‌ಲಿಸ್ಟ್' '-ಎಕ್ಸ್‌ಎಂಪಿ-ಡಿಜಿಕ್ಯಾಮ್:ಟ್ಯಾಗ್ಸ್‌ಲಿಸ್ಟ್<ಎಕ್ಸ್‌ಎಂಪಿ-ಡಿಸಿ:ಸಬ್ಜೆಕ್ಟ್' ಫೋಲ್ಡರ್

ಎಡವುವ ಜಾಗಗಳು ಇವು. ಉದ್ಧರಣ ಚಿಹ್ನೆ ಬಿಟ್ಟರೆ '<' ಅನ್ನು ಶೆಲ್ ತನ್ನದೆಂದುಕೊಂಡು ಇಲ್ಲದ ಫೈಲ್ ಹುಡುಕಲು ಹೋಗುತ್ತದೆ. '<' ಆದಮೇಲಿನ ಹೆಸರಿನ ಮುಂದೆ ಡಾಲರ್ ಚಿಹ್ನೆ ಹಾಕಬೇಡಿ, ಹಾಕಿದರೆ 'ಅಜ್ಜಿ', 'ಮೈಸೂರು', 'ದಸರಾ' ಮೂರೂ ಅಂಟಿಕೊಂಡು ಒಂದೇ ಉದ್ದ ಟ್ಯಾಗ್ ಆಗುತ್ತದೆ. 'ನಾಟ್ ಟ್ಯಾಗ್ಸ್‌ಲಿಸ್ಟ್' ಷರತ್ತು ಬಿಡಬೇಡಿ. ಡಿಜಿಕ್ಯಾಮ್‌ನಲ್ಲಿ 'ಊರು/ಮೈಸೂರು' ಅಂತ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದೆಲ್ಲ ಅದಿಲ್ಲದೆ ಬರೀ 'ಮೈಸೂರು' ಆಗಿಬಿಡುತ್ತದೆ.

ಎಕ್ಸಿಫ್‌ಟೂಲ್ ಹಳೇ ಫೈಲನ್ನು ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಒರಿಜಿನಲ್ ಸೇರಿಸಿ ಪಕ್ಕದಲ್ಲೇ ಉಳಿಸುತ್ತದೆ. ಒಂದೊಂದು 4 ಎಂಬಿ ಅಂದುಕೊಂಡರೂ 18,000ಕ್ಕೆ 72 ಜಿಬಿ ಖಾಲಿ ಜಾಗ ಬೇಕು. ಮೊದಲು ಇಪ್ಪತ್ತು ಫೋಟೋ ಬೇರೆ ಫೋಲ್ಡರ್‌ಗೆ ನಕಲು ಮಾಡಿ ಅಲ್ಲಿ ಓಡಿಸಿ ನೋಡಿ. ಇಡೀ ಡಿಸ್ಕ್‌ನ ಬ್ಯಾಕಪ್ ಇನ್ನೊಂದು ಡಿಸ್ಕ್‌ನಲ್ಲಿ ಇಲ್ಲದೆ ಮುಂದಕ್ಕೆ ಹೋಗಬೇಡಿ. ಇವು ಮತ್ತೆ ತೆಗೆಯಲಾಗದ ಫೋಟೋಗಳು.

ಅಕ್ಷರಬಿಡಿ:

ಕನ್ನಡದ ಭಾಗ ನಾನು ಹೇಳುತ್ತೇನೆ, ಇದು ಇಂಗ್ಲಿಷ್ ಸಹಾಯಪುಟಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ.

ನೀವು ವಿವರಿಸಿದ 'ಎ' ಮತ್ತು ಪುಟ್ಟ 2, 3 ಒಳ್ಳೆಯ ಸೂಚನೆ. ಯುಟಿಎಫ್-8 ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ, ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಮೊದಲ ಬೈಟ್ ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಅದನ್ನು ಲ್ಯಾಟಿನ್ (ಇಂಗ್ಲಿಷ್ ಥರದ ಲಿಪಿಗೆ ಇರುವ ಹಳೇ ಪದ್ಧತಿ) ಅಂತ ತಪ್ಪಾಗಿ ಓದಿದರೆ ಇ0 ಆ ಗೆರೆಯ 'ಎ' ಆಗುತ್ತದೆ, ಬಿ2 ಪುಟ್ಟ 2, ಬಿ3 ಪುಟ್ಟ 3. ಅಂದರೆ ಒಳಗಿನ ಬೈಟ್‌ಗಳು ಸರಿಯಾಗಿಯೇ ಇವೆ, ಓದುವವನಿಗೆ ಇದು ಯುಟಿಎಫ್-8 ಅಂತ ಹೇಳುವವರಿಲ್ಲ. ಐಪಿಟಿಸಿಯಲ್ಲಿ ಆ ಕೆಲಸಕ್ಕೇ ಕೋಡೆಡ್‌ಕ್ಯಾರೆಕ್ಟರ್‌ಸೆಟ್ ಎಂಬ ಖಾನೆ ಇದೆ. ನಿಮ್ಮ ಹಳೇ ಆಪ್ ಅದನ್ನು ತುಂಬಿಲ್ಲ ಅನಿಸುತ್ತದೆ.

ಪರೀಕ್ಷೆ: ಎಕ್ಸಿಫ್‌ಟೂಲ್‌ಗೆ -ಚಾರ್‌ಸೆಟ್ ಐಪಿಟಿಸಿ=ಯುಟಿಎಫ್8 ಎಂಬ ಆಯ್ಕೆ ಕೊಟ್ಟು ಐಪಿಟಿಸಿ:ಕೀವರ್ಡ್ಸ್ ಓದಿಸಿ. ಕನ್ನಡ ಕಾಣಿಸಿತೋ, ಅದೇ ಕಾರಣ. ಆಗ -ಕೋಡೆಡ್‌ಕ್ಯಾರೆಕ್ಟರ್‌ಸೆಟ್=ಯುಟಿಎಫ್8 ಅಂತ ಆ ಒಂದು ಖಾನೆ ಬರೆದರೆ ಸಾಕು. ಇರುವ ಬೈಟ್‌ಗಳನ್ನು ಅದು ಮುಟ್ಟುವುದಿಲ್ಲ, ಗುರುತು ಮಾತ್ರ ಹಾಕುತ್ತದೆ. ಆದರೆ ಆ ಹಳೇ ಫೋಟೋಗಳ ಫೋಲ್ಡರ್‌ಗೆ ಮಾತ್ರ ಮಾಡಿ. ಬೇರೆ ಕಡೆ ನಿಜವಾಗಿಯೂ ಲ್ಯಾಟಿನ್‌ನಲ್ಲಿ ಬರೆದ ಶೀರ್ಷಿಕೆಗಳಿದ್ದರೆ ಅವು ಕೆಡುತ್ತವೆ.

ಕನ್ನಡ ಬರಲಿಲ್ಲ ಅಂದರೆ ಇನ್ನೆರಡು ಸಾಧ್ಯತೆ. ದೊಡ್ಡಕ್ಷರದ ಇಂಗ್ಲಿಷ್ ಅಕ್ಷರಗಳು, ನಡುವೆ ಪೌಂಡ್ ಚಿಹ್ನೆ, ಗೆರೆಯ ದೊಡ್ಡ 'ಎ' ಹೀಗೆ ಬೆರಕೆಯಾಗಿದ್ದರೆ ಅದು 'ನುಡಿ' ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಅದಕ್ಕೆ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವೇ ಬೇಕು, ಮೇಲಿನ ಮದ್ದು ತಾಗುವುದಿಲ್ಲ. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಇದ್ದರೆ ಆ ಖಾನೆಯಲ್ಲಿ ಅಕ್ಷರ ಅಳಿದೇ ಹೋಗಿದೆ. ಆಗ ಎಕ್ಸ್‌ಪಿಕೀವರ್ಡ್ಸ್ ಇದೆಯಾ ನೋಡಿ. ಅದು ಯುಟಿಎಫ್-16ರಲ್ಲಿ ಇರುವುದರಿಂದ ಕನ್ನಡ ಅಲ್ಲಿ ಉಳಿದಿರುತ್ತದೆ. ಅದರಲ್ಲಿ ಟ್ಯಾಗ್‌ಗಳ ನಡುವೆ ಅರ್ಧವಿರಾಮ ಇರುತ್ತದೆ, ನಕಲು ಮಾಡುವಾಗ -ಸೆಪ್ ';' ಸೇರಿಸಿದರೆ ಬಿಡಿಬಿಡಿಯಾಗಿ ಬರುತ್ತವೆ.

ಇನ್ನು 'ರಥೋತ'. ಐಪಿಟಿಸಿ ಕೀವರ್ಡ್ ಒಂದಕ್ಕೆ 64 ಬೈಟ್ ಮಿತಿ. ಇಂಗ್ಲಿಷ್‌ಗೆ ಧಾರಾಳ, ನಮಗೆ 21 ಸಂಕೇತ ಮಾತ್ರ. ಒತ್ತಕ್ಷರದೊಳಗಿನ ಹಲಂತ ಚಿಹ್ನೆ (್), ಗುಣಿತ ಎಲ್ಲವೂ ಪ್ರತ್ಯೇಕ ಎಣಿಕೆ. 'ಸುಬ್ರಹ್ಮಣ್ಯ ಷಷ್ಠಿ ರಥೋತ್ಸವ' ಕಣ್ಣಿಗೆ ಹತ್ತೇ ಅಕ್ಷರ, ಒಳಗೆ 23 ಸಂಕೇತ ಮತ್ತು ಎರಡು ಖಾಲಿ ಜಾಗ, ಒಟ್ಟು 71 ಬೈಟ್. 'ತ' ಮುಗಿಯುವಾಗ 62 ಆಗಿರುತ್ತದೆ, ಮುಂದಿನದು ಹಿಡಿಸುವುದಿಲ್ಲ. ಪೂರ್ತಿ ಹೆಸರು ಸಬ್ಜೆಕ್ಟ್‌ನಲ್ಲಿ ಇದ್ದೇ ಇರಬೇಕು. ಎಕ್ಸ್‌ಎಂಪಿಗೆ ಆ ಮಿತಿ ಇಲ್ಲ. ಕಡಲತೀರ ಅವರ ಆಜ್ಞೆ ಓಡಿಸಿದಾಗ ಟ್ಯಾಗ್ಸ್‌ಲಿಸ್ಟ್‌ಗೆ ಪೂರ್ತಿ ಹೆಸರು ಬರುತ್ತದೆ, ಇಮ್ಮಿಚ್ ಮತ್ತೆ ಕೀವರ್ಡ್ಸ್ ಕಡೆ ನೋಡುವುದಿಲ್ಲ. ಎಕ್ಸ್‌ಎಂಪಿಯನ್ನೇ ನಂಬಿ, ಐಪಿಟಿಸಿಯನ್ನು ಕನ್ನಡಕ್ಕೆ ಮರೆತುಬಿಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಂಚಿನಮನೆ:

ಇಬ್ಬರಿಗೂ ತುಂಬಾ ಧನ್ಯವಾದ. ಪರೀಕ್ಷೆಯಲ್ಲಿ ಕನ್ನಡ ಸರಿಯಾಗಿ ಬಂತು, ಗುರುತು ಹಾಕಿದೆ. ಸಬ್ಜೆಕ್ಟ್ ನಕಲೂ ಆಯಿತು, ಎಕ್ಸಿಫ್‌ಟೂಲ್‌ನಲ್ಲಿ ಟ್ಯಾಗ್ಸ್‌ಲಿಸ್ಟ್ ಕಾಣುತ್ತಿದೆ. ಆದರೆ ಇಮ್ಮಿಚ್‌ನಲ್ಲಿ ಲೈಬ್ರರಿ ಸ್ಕ್ಯಾನ್ ಮಾಡಿದರೂ ಏನೂ ಬದಲಾಗಿಲ್ಲ. ಫೈಲ್‌ಗಳ ತಾರೀಖು ಕೆಡಬಾರದು ಅಂತ -ಪಿ (ದೊಡ್ಡಕ್ಷರ) ಸೇರಿಸಿದ್ದೆ, ಅದರಿಂದ ಏನಾದರೂ? ಇನ್ನೊಂದು, 'ಟ್ರಿಪ್' ಅನ್ನುವ ಟ್ಯಾಗ್ ಡಿಜಿಕ್ಯಾಮ್‌ನಲ್ಲೇ ಎರಡು ಇದೆ, ಎರಡೂ ನೋಡಲು ಅಚ್ಚು ಒಂದೇ.

ಕಡಲತೀರ_ಕೆ:

ಹೌದು, ಅದೇ -ಪಿ. ಎಕ್ಸ್‌ಟರ್ನಲ್ ಲೈಬ್ರರಿ ಸ್ಕ್ಯಾನ್ ಫೈಲ್‌ನ ಮಾರ್ಪಾಡಿನ ಸಮಯ ಬದಲಾಗಿದೆಯೇ ಅಂತ ನೋಡುತ್ತದೆ, ನೀವು ಅದನ್ನು ಹಾಗೇ ಉಳಿಸಿದ್ದೀರಿ, ಹಾಗಾಗಿ ಫೈಲ್ ಬದಲಾಗಿಲ್ಲ ಅಂತ ಮುಂದೆ ಹೋಗುತ್ತದೆ. ಮತ್ತೆ ಬರೆಯಬೇಕಾಗಿಲ್ಲ. ಅಡ್ಮಿನಿಸ್ಟ್ರೇಷನ್‌ನ ಜಾಬ್ಸ್ ಪುಟದಲ್ಲಿ ಎಕ್ಸ್‌ಟ್ರಾಕ್ಟ್ ಮೆಟಾಡೇಟಾಗೆ 'ಆಲ್' ಒತ್ತಿ. 'ಮಿಸ್ಸಿಂಗ್' ಅಲ್ಲ, ಅದು ಈಗಾಗಲೇ ಓದಿದ್ದನ್ನು ಬಿಟ್ಟುಬಿಡುತ್ತದೆ. ಮುಗಿದ ಮೇಲೆ ಹಳೇ ಕೆಟ್ಟ ಟ್ಯಾಗ್‌ಗಳು ಖಾಲಿಯಾಗಿ ಪಟ್ಟಿಯಲ್ಲಿ ಉಳಿದಿದ್ದರೆ ಅದೇ ಪುಟದಿಂದ ಟ್ಯಾಗ್ ಕ್ಲೀನಪ್ ಓಡಿಸಿ. ಮುಂದಕ್ಕೆ -ಪಿ ಬೇಡ. ಫೋಟೋ ತೆಗೆದ ತಾರೀಖು ಎಕ್ಸಿಫ್ ಒಳಗೆ ಭದ್ರವಾಗಿರುತ್ತದೆ, ಫೈಲ್‌ನ ಸಮಯ ಬದಲಾದರೆ ಅದಕ್ಕೇನೂ ಆಗುವುದಿಲ್ಲ. ತಾರೀಖು ಒಳಗೆ ಇಲ್ಲದ ಸ್ಕ್ಯಾನ್ ಮಾಡಿದ ಫೋಟೋ, ವಾಟ್ಸಾಪ್‌ನಿಂದ ಬಂದ ಫೋಟೋಗಳು ಮಾತ್ರ ಹೊರತು. ಅವಕ್ಕೆ ಮೊದಲು ಡೇಟ್‌ಟೈಮ್‌ಒರಿಜಿನಲ್ ಬರೆದುಕೊಳ್ಳಿ.

ನೆನಪಾಯಿತು: ಯಾವ ಟ್ಯಾಗ್‌ನಲ್ಲಾದರೂ '12/10/2019' ಥರ ಓರೆಗೆರೆ ಇದ್ದರೆ ಇಮ್ಮಿಚ್ ಅದನ್ನು ಒಂದರೊಳಗೊಂದು ಮೂರು ಟ್ಯಾಗ್ ಮಾಡುತ್ತದೆ. ಓರೆಗೆರೆ ತೆಗೆದು ಅಡ್ಡಗೆರೆ ಹಾಕಿ.

ಅಕ್ಷರಬಿಡಿ:

ಎರಡು 'ಟ್ರಿಪ್'ಗಳಲ್ಲಿ ಒಂದರ ಕೊನೆಗೆ ಕಣ್ಣಿಗೆ ಕಾಣದ ಒಂದು ಸಂಕೇತ ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು: ಒತ್ತಕ್ಷರ ಆಗದಂತೆ ತಡೆಯಲು ನಾವು ಹಾಕುವ ಜೀರೋ ವಿಡ್ತ್ ನಾನ್ ಜಾಯ್ನರ್. 'ಪ್' ಎಂಬಂಥ ಅರ್ಧಾಕ್ಷರ ಟೈಪ್ ಮಾಡಿದಾಗ ಕೆಲವು ಕೀಬೋರ್ಡ್‌ಗಳು ಅದನ್ನು ತಾವಾಗೇ ಸೇರಿಸುತ್ತವೆ. ಒಂದು 18 ಬೈಟ್, ಇನ್ನೊಂದು 21. ಹೆಕ್ಸ್‌ನಲ್ಲಿ (ಬೈಟ್‌ಗಳನ್ನು ಹಾಗೇ ತೋರಿಸುವ ರೂಪ) ನೋಡಿದರೆ ಉದ್ದದ್ದರ ಕೊನೆಗೆ ಇ2 80 8ಸಿ ಇರುತ್ತದೆ.

ಎಲ್ಲ ಟ್ಯಾಗ್‌ಗಳನ್ನೂ ಸಾಲಿಗೊಂದರಂತೆ ಒಂದು ಪಠ್ಯ ಫೈಲ್‌ಗೆ ಇಳಿಸಿ, ಸಾರ್ಟ್ ಮತ್ತು ಯೂನಿಕ್ ಓಡಿಸಿ. ಮೊದಲು ಎಲ್‌ಸಿ_ಆಲ್=ಸಿ ಅಂತ ಕೊಟ್ಟಿರಿ, ಬೈಟ್ ಬೈಟ್ ಹೋಲಿಸಲಿ. ಅವಳಿಗಳು ಆಗ ಬೇರೆಬೇರೆಯಾಗಿ ನಿಲ್ಲುತ್ತವೆ. ಇನ್ನೂ ಒಂದು ಬಗೆ ಇದೆ: 'ಕೋಲಾರ'ದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘಚಿಹ್ನೆ ಎಂದು ಮೂರು ತುಂಡಾಗಿಯೂ ಬರೆಯಬಹುದು. ನೋಟಕ್ಕೆ ಭೇದವಿಲ್ಲ, 3 ಬೈಟ್ ಒಂದು, 9 ಬೈಟ್ ಒಂದು. ಈತ್ವ, ಏತ್ವ, ಐತ್ವ, ಒತ್ವಗಳಿಗೂ ಇದೇ ಕಥೆ. ಮ್ಯಾಕ್‌ನಲ್ಲಿ ಫೋಲ್ಡರ್ ಹೆಸರಿನಿಂದ ಟ್ಯಾಗ್ ಮಾಡಿದ್ದಾದರೆ ತುಂಡಾದ ರೂಪ ಬರುವುದುಂಟು. ಉಬುಂಟುವಿನಲ್ಲಿ ಐಸಿಯು-ಡೆವ್‌ಟೂಲ್ಸ್ ಹಾಕಿಕೊಂಡರೆ ಯುಕಾನ್ವ್ ಸಿಗುತ್ತದೆ. ಅದರಲ್ಲಿ ಎನಿ-ಎನ್‌ಎಫ್‌ಸಿ ಓಡಿಸಿ ಪಟ್ಟಿಯನ್ನು ಹೋಲಿಸಿದರೆ ಯಾವುದು ತುಂಡಾಗಿದೆ ಗೊತ್ತಾಗುತ್ತದೆ.

ಸರಿಪಡಿಸುವುದು ಡಿಜಿಕ್ಯಾಮ್‌ನಲ್ಲೇ ಸುಲಭ: ಕೆಟ್ಟ 'ಟ್ರಿಪ್' ಅಡಿಯ ಎಲ್ಲ ಫೋಟೋ ಆರಿಸಿ, ಸರಿಯಾದ 'ಟ್ರಿಪ್' ಹಾಕಿ, ಆಮೇಲೆ ಕೆಟ್ಟದ್ದನ್ನು ಅಳಿಸಿ. ಟ್ಯಾಗ್ ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸುವ ರೂಢಿ ಮಾಡಿಕೊಂಡರೆ ಹೊಸ ಅವಳಿ ಹುಟ್ಟುವುದಿಲ್ಲ.

ಹಂಚಿನಮನೆ:

'ಆಲ್' ಒತ್ತಿದ ಮೇಲೆ ಎಲ್ಲ ಬಂತು. 'ರಥೋತ' ಹೋಯಿತು. ಎರಡನೇ 'ಟ್ರಿಪ್' ಹೆಕ್ಸ್‌ನಲ್ಲಿ ಇ2 80 8ಸಿ ತೋರಿಸಿತು, ಅಳಿಸಿದೆ. ಉಳಿದದ್ದು ಐಫೋನ್‌ನ ಹೈಕ್ ಫೈಲ್‌ಗಳು. ಡಿಜಿಕ್ಯಾಮ್‌ನಲ್ಲಿ ಟ್ಯಾಗ್ ಹಾಕಿದರೂ ಫೈಲ್‌ಗೆ ಇಳಿಯುತ್ತಿಲ್ಲ.

ಕಡಲತೀರ_ಕೆ:

ಡಿಜಿಕ್ಯಾಮ್ ಸಾಮಾನ್ಯವಾಗಿ ಎಕ್ಸಿವ್2 ಎಂಬ ಇನ್ನೊಂದು ತಂತ್ರಾಂಶದ ಮೂಲಕ ಬರೆಯುತ್ತದೆ. ಅದು ಹೈಕ್ ಓದುತ್ತದೆ, ಬರೆಯುವುದಿಲ್ಲ. 8.0ರಿಂದ ಮೆಟಾಡೇಟಾ ಸೆಟ್ಟಿಂಗ್ಸ್‌ನಲ್ಲಿ ಬರೆಯುವ ಕೆಲಸವನ್ನೆಲ್ಲ ಎಕ್ಸಿಫ್‌ಟೂಲ್‌ಗೆ ಒಪ್ಪಿಸುವ ಆಯ್ಕೆ ಇದೆ, ಅದನ್ನು ಹಾಕಿ. ನಿಧಾನವಾಗುತ್ತದೆ, ಆದರೆ ಹೈಕ್‌ಗೂ ಟ್ಯಾಗ್ ಇಳಿಯುತ್ತದೆ. ಮೂಲ ಫೈಲ್ ಮುಟ್ಟುವುದು ಬೇಡ ಅನ್ನಿಸಿದರೆ ಸೈಡ್‌ಕಾರ್ ಬರೆಯುವ ಆಯ್ಕೆ ಆರಿಸಿ. ಫೋಟೋದ ಪೂರ್ತಿ ಹೆಸರಿನ ಕೊನೆಗೆ ಡಾಟ್ ಎಕ್ಸ್‌ಎಂಪಿ ಸೇರಿ ಪಕ್ಕದಲ್ಲಿ ಪುಟ್ಟ ಫೈಲ್ ಬರುತ್ತದೆ, ಇಮ್ಮಿಚ್ ಆ ಹೆಸರನ್ನು ಗುರುತಿಸುತ್ತದೆ. ಆಮೇಲೆ ಜಾಬ್ಸ್‌ನಲ್ಲಿ ಸೈಡ್‌ಕಾರ್ ಮೆಟಾಡೇಟಾದ ಡಿಸ್ಕವರ್ ಓಡಿಸಿ. ಫೋಟೋ ಬೇರೆ ಫೋಲ್ಡರ್‌ಗೆ ಸಾಗಿಸುವಾಗ ಆ ಪುಟ್ಟ ಫೈಲನ್ನೂ ಜೊತೆಗೇ ಸಾಗಿಸಿ.